ಪಿಕಪ್ ಎಂಜಿನ್ ‘ಟಕ್ ಟಕ್’ ಅಂದರೆ ಟ್ಯಾಪೆಟ್ ಮುಟ್ಟುವ ಮೊದಲು ಏನು ನೋಡಬೇಕು

“ಗಾಡಿ ಟಕ್ ಟಕ್ ಮಾಡ್ಲತ್ತದ, ಟ್ಯಾಪೆಟ್ ಟೈಟ್ ಮಾಡಿಸಬೇಕೇನ್ರಿ?” ತೊಗರಿ ರಾಶಿ ಮುಗಿದು ಗಂಜ್‌ಗೆ (ಧಾನ್ಯದ ಮಾರುಕಟ್ಟೆಗೆ) ಮಾಲು ಹೊಡೆಯುವ ದಿನಗಳಲ್ಲಿ ಕಲಬುರಗಿ, ಸೇಡಂ, ಚಿತ್ತಾಪುರ ಕಡೆಯ ಪಿಕಪ್ ಮಾಲೀಕರು ಇದೊಂದೇ ಪ್ರಶ್ನೆಯನ್ನು ತಿರುತಿರುಗಿ ಕೇಳುತ್ತಾರೆ. ಉತ್ತರ: ತಡೆಯಿರಿ, ಇನ್ನೂ ಬೇಡ. ಹಳೆಯ ಡೀಸೆಲ್ ಎಂಜಿನ್ನಿನಲ್ಲಿ ಕಡಿಮೆಯೆಂದರೂ ಆರೇಳು ಜಾಗಗಳಿಂದ ಇದೇ ತರಹದ ಸದ್ದು ಬರುತ್ತದೆ. ಅವುಗಳಲ್ಲಿ ಟ್ಯಾಪೆಟ್ (ಸಿಲಿಂಡರಿನ ಗಾಳಿ-ಹೊಗೆಯ ಬಾಗಿಲಾದ ವಾಲ್ವ್, ಅದನ್ನು ಒತ್ತುವ ಸನ್ನೆ, ಇವೆರಡರ ನಡುವಿನ ಹೊಂದಿಸುವ ಸಂದು) ಒಂದು, ಅಷ್ಟೆ. ಸದ್ದು ಎಕ್ಸಾಸ್ಟಿನದ್ದಾಗಿದ್ದು (ಹೊಗೆ ಹೊರಹೋಗುವ ದಾರಿಯದ್ದು) ನೀವು ಟ್ಯಾಪೆಟ್ ಬಿಗಿ ಮಾಡಿಸಿದರೆ ಸದ್ದೂ ಹೋಗುವುದಿಲ್ಲ, ಕೆಲವು ತಿಂಗಳಲ್ಲಿ ವಾಲ್ವ್ ಸುಟ್ಟು ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಬಿಚ್ಚುವ ಖರ್ಚೂ ಬರುತ್ತದೆ.

ಇಲ್ಲಿ ಹೇಳಿರುವ ಕ್ರಮ ಬೊಲೆರೊ ಪಿಕಪ್ಪಿನ 2523 ಸಿಸಿ, ಟಾಟಾ 207 ಡಿಐನಂಥ ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್‌ಗಳಿಗೆ. ಎರಡು ಸಿಲಿಂಡರಿನ 702 ಸಿಸಿ ಟಾಟಾ ಏಸ್‌ಗೂ ಹುಡುಕುವ ರೀತಿ ಇದೇ, ಟ್ಯಾಪೆಟ್ ಹೊಂದಿಸುವ ಸರದಿ ಮಾತ್ರ ಬೇರೆ. ಮೊದಲು ಖರ್ಚಿಲ್ಲದ ಪರೀಕ್ಷೆಗಳು, ಆಮೇಲೆ ಪಾನಾ (ಸ್ಪ್ಯಾನರ್) ಹಿಡಿಯುವ ಕೆಲಸ. ಈ ಸರದಿಯನ್ನು ಹಿಂದುಮುಂದು ಮಾಡಬೇಡಿ.

ಶುರು ಮಾಡುವ ಮೊದಲು ನಿಮ್ಮ ಗಾಡಿಯ ಡೀಸೆಲ್ ಪಂಪ್ ಯಾವ ತರಹದ್ದು ಎಂದು ನೋಡಿಕೊಳ್ಳಿ. ಪಂಪಿನಿಂದ ನಾಲ್ಕು ಉಕ್ಕಿನ ಪೈಪುಗಳು ನೇರವಾಗಿ ನಾಲ್ಕು ಇಂಜೆಕ್ಟರಿಗೆ (ಸಿಲಿಂಡರಿನೊಳಗೆ ಡೀಸೆಲ್ ಸಿಂಪಡಿಸುವ ಭಾಗ) ಹೋಗಿದ್ದರೆ ಅದು ಹಳೆಯ ಮೆಕ್ಯಾನಿಕಲ್ ಪಂಪ್. ಪಂಪಿನಿಂದ ಒಂದು ಪೈಪು ದಪ್ಪನೆಯ ಕೊಳವೆಗೆ ಹೋಗಿ, ಆ ಕೊಳವೆಯಿಂದ ನಾಲ್ಕು ಪೈಪುಗಳು ಕವಲೊಡೆದು, ಇಂಜೆಕ್ಟರಿನ ತಲೆಯ ಮೇಲೆ ವೈರಿನ ಸಾಕೆಟ್ ಇದ್ದರೆ ಅದು ಕಾಮನ್ ರೈಲ್. ಕಾಮನ್ ರೈಲಿನಲ್ಲಿ ಡೀಸೆಲ್ ಒತ್ತಡ 1000 ಬಾರ್ ದಾಟುತ್ತದೆ. ಎಂಜಿನ್ ಓಡುವಾಗ ಅದರ ನಟ್ಟು ಸಡಿಲಿಸಿದರೆ ಡೀಸೆಲ್ ಸೂಜಿಯಂತೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಗಾಯ ಚುಕ್ಕಿಯಷ್ಟೇ ಕಾಣುತ್ತದೆ, ನೋವು ಕೂಡ ಮೊದಲಿಗೆ ಕಡಿಮೆ ಇರಬಹುದು, ಆದರೆ ಒಳಗೆ ಮಾಂಸ ಕೊಳೆತು ಬೆರಳು ಅಥವಾ ಕೈ ಕಳೆದುಕೊಳ್ಳುವ ಪರಿಸ್ಥಿತಿ ಬರುತ್ತದೆ. ಹಾಗೇನಾದರೂ ಆದರೆ ಮನೆಮದ್ದಿಗೆ ಕೂರದೆ ತಕ್ಷಣ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಿ, “ಒತ್ತಡದ ಡೀಸೆಲ್ ಚರ್ಮದೊಳಗೆ ಹೊಕ್ಕಿದೆ” ಎಂದು ಅದೇ ಮಾತಿನಲ್ಲಿ ಹೇಳಿ.

ಬೇಕಾಗುವ ಸಾಮಾನು ಹೆಚ್ಚಿಲ್ಲ. ಒಂದೂವರೆ ಅಡಿಯ ಉದ್ದ ಸ್ಕ್ರೂಡ್ರೈವರ್, ಒಂದು ಮೀಟರ್ ರಬ್ಬರ್ ಪೈಪು, ಟಾರ್ಚ್, ಪಾನಾ ಸೆಟ್, ಫೀಲರ್ ಗೇಜ್ (ಕೂದಲೆಳೆಯಷ್ಟು ಸಂದು ಅಳೆಯುವ ಉಕ್ಕಿನ ಎಲೆಗಳ ಕಟ್ಟು), ಸೋಪಿನ ನೀರು, ಒದ್ದೆ ಬಟ್ಟೆ, ಕಣ್ಣಿಗೆ ಕನ್ನಡಕ, ಸಹಾಯಕ್ಕೆ ಒಬ್ಬರು. ಹೆಗಲ ಮೇಲಿನ ಟವೆಲ್, ಇಳಿಬಿದ್ದ ಅಂಗಿ ತೋಳು, ಲುಂಗಿ ಬೇಡ. ಫ್ಯಾನ್ ಬೆಲ್ಟು ಬಟ್ಟೆಯ ಚುಂಗು ಹಿಡಿದರೆ ಕೈ ಬಿಡಿಸಿಕೊಳ್ಳಲು ಸಮಯ ಸಿಗುವುದಿಲ್ಲ. ಗಾಡಿ ಸಮತಟ್ಟು ಜಾಗದಲ್ಲಿರಲಿ, ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದು ಗಾಲಿಗೆ ಕಲ್ಲು ಕೊಡಿ.

1. ಎಣ್ಣೆ ನೋಡಿ

ಎಂಜಿನ್ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆಯಿರಿ, ಒರೆಸಿ, ಮತ್ತೆ ಹಾಕಿ ಎಳೆಯಿರಿ. ಕೆಳಗಿನ ಗೆರೆಗಿಂತ ಕಡಿಮೆ ಇದ್ದರೆ ಮೇಲಿನ ರಾಕರ್‌ಗಳಿಗೆ (ವಾಲ್ವನ್ನು ಒತ್ತುವ ಸನ್ನೆಗಳು) ಎಣ್ಣೆ ಸರಿಯಾಗಿ ಮುಟ್ಟದೆ ಟಕ್ ಟಕ್ ಶುರುವಾಗುತ್ತದೆ. ಅರ್ಧ ಲೀಟರ್ ಹಾಕಿ, ಕಾದು, ಮತ್ತೆ ನೋಡಿ, ಒಮ್ಮೆಲೇ ಸುರಿಯಬೇಡಿ. ಮೇಲಿನ ಗೆರೆ ದಾಟುವಷ್ಟು ಹಾಕಿದರೂ ಇದೇ ಸದ್ದು ಬರಬಹುದು. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಎಣ್ಣೆಯನ್ನು ಕಡೆದು ನೊರೆ ಮಾಡುತ್ತದೆ, ನೊರೆ ತುಂಬಿದ ಎಣ್ಣೆಗೆ ಒತ್ತಡ ಹಿಡಿಯುವುದಿಲ್ಲ.

ನೀವು ಹಾಕದೆಯೇ ಮಟ್ಟ ಏರಿದೆಯೇ? ಬೆರಳಲ್ಲಿ ಉಜ್ಜಿ ಮೂಸಿ. ನೀರಿನಂತೆ ತೆಳ್ಳಗಿದ್ದು ಡೀಸೆಲ್ ವಾಸನೆ ಬಂದರೆ ಇಂಜೆಕ್ಟರ್ ಅಥವಾ ಪಂಪಿನ ಸೀಲಿನಿಂದ ಡೀಸೆಲ್ ಎಂಜಿನ್ ತಳದ ಎಣ್ಣೆ ತೊಟ್ಟಿಗೆ (ಸಂಪ್) ಇಳಿಯುತ್ತಿದೆ. ಅಂಥ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಬೇಡಿ. ಬೇರಿಂಗ್ ಹೋಗುವುದು ಒಂದು ಭಯ. ಇನ್ನೊಂದು, ಹೆಚ್ಚಾದ ಎಣ್ಣೆಯನ್ನೇ ಎಂಜಿನ್ ಉಸಿರಿನ ಪೈಪಿನಿಂದ ಎಳೆದುಕೊಂಡು, ಕೀ ತಿರುಗಿಸಿದರೂ ನಿಲ್ಲದಂತೆ ಓಡತೊಡಗಬಹುದು. ಎಣ್ಣೆ ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದ್ದರೆ ರೇಡಿಯೇಟರ್ ನೀರು ಸೇರಿದೆ ಎಂದರ್ಥ. ಆಗಲೂ ಇಲ್ಲಿಗೇ ನಿಲ್ಲಿಸಿ.

ಮುಂಜಾನೆ ಸ್ಟಾರ್ಟ್ ಮಾಡಿದಾಗ ಮಾತ್ರ ಮೂರ್ನಾಲ್ಕು ಸೆಕೆಂಡು ಕಟಕಟ ಅಂದು ನಿಂತುಹೋಗುತ್ತದೆಯೇ? ಆಯಿಲ್ ಫಿಲ್ಟರ್ ಬದಲಾಯಿಸಿ ನೋಡಿ. ಒಳ್ಳೆಯ ಫಿಲ್ಟರಿನೊಳಗೆ ರಾತ್ರಿ ಎಣ್ಣೆ ಕೆಳಗೆ ಇಳಿಯದಂತೆ ತಡೆಯುವ ರಬ್ಬರ್ ವಾಲ್ವ್ ಇರುತ್ತದೆ. ಅಗ್ಗದ ನಕಲಿಯಲ್ಲಿ ಅದು ಕೆಲಸ ಮಾಡುವುದಿಲ್ಲ.

ನಮ್ಮ ಕಡೆ ಬೇಸಿಗೆಯಲ್ಲಿ 42–43 ಡಿಗ್ರಿ ಮುಟ್ಟುತ್ತದೆಂದು ಗಾಡಿಯ ಪುಸ್ತಕ (ಕಂಪನಿಯ ಕೈಪಿಡಿ) ಹೇಳಿದ್ದಕ್ಕಿಂತ ದಪ್ಪ ಎಣ್ಣೆ ಹಾಕಿ ಸದ್ದು ಅಡಗಿಸುವ ರೂಢಿ ಇದೆ. ಅದು ಕೆಟ್ಟ ರೂಢಿ. ಈ ಎಂಜಿನ್‌ಗಳಲ್ಲಿ ಬಹುತೇಕಕ್ಕೆ 15ಡಬ್ಲ್ಯೂ40 ಡೀಸೆಲ್ ಎಣ್ಣೆಯೇ ಬೇಸಿಗೆಗೂ ಸಾಕು. ದಪ್ಪ ಎಣ್ಣೆ ಸವೆತವನ್ನು ಮುಚ್ಚಿಡುತ್ತದೆ, ಚಳಿಗಾಲದ ನಸುಕಿನಲ್ಲಿ ಬೀದರಿನಂಥ ಎತ್ತರದ ಊರಿನಲ್ಲಿ ರಾಕರಿಗೆ ಏರಲು ತಡಮಾಡುತ್ತದೆ. “ಸದ್ದು ಕಡಿಮೆ ಮಾಡುವ” ಡಬ್ಬಿ ಔಷಧಿಗೂ ಇದೇ ಮಾತು: ಹುಡುಕುವ ಕೆಲಸ ಮುಗಿಯುವವರೆಗೆ ಯಾವುದನ್ನೂ ಸುರಿಯಬೇಡಿ.

2. ಸದ್ದು ಯಾವಾಗ ಬರುತ್ತದೆ, ಬರೆದಿಡಿ

ರಾತ್ರಿಯಿಡೀ ನಿಂತ ಎಂಜಿನ್ನನ್ನು ಮುಂಜಾನೆ ಸ್ಟಾರ್ಟ್ ಮಾಡಿ. ತಣ್ಣಗಿದ್ದಾಗ ಜೋರಾಗಿದ್ದು ಬಿಸಿಯಾದಂತೆ ಕರಗಿದರೆ ಎಕ್ಸಾಸ್ಟ್ ಸೋರಿಕೆ ಅಥವಾ ಪಿಸ್ಟನ್ ಸಡಿಲ. ಲೋಹ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ. ತಣ್ಣಗಿದ್ದಾಗ ಇಲ್ಲದ್ದು ಬಿಸಿಯಾದ ಮೇಲೆ ಬಂದರೆ ಎಣ್ಣೆ ತೆಳುವಾಗಿ ಒತ್ತಡ ಇಳಿಯುತ್ತಿದೆ, ಇದು ಹೆಚ್ಚು ಚಿಂತೆಯ ಸಂಗತಿ. ಎರಡೂ ಸಲ ಒಂದೇ ತರಹ ಇದ್ದರೆ ಟ್ಯಾಪೆಟ್, ಇಂಜೆಕ್ಟರ್ ಕಡೆ ಗಮನ ಕೊಡಿ.

ಕ್ಲಚ್ ಒತ್ತಿ ನೋಡಿ. ಸದ್ದು ಬದಲಾದರೆ ಅದು ಕ್ಲಚ್ ಬೇರಿಂಗ್ ಅಥವಾ ಗೇರ್‌ಬಾಕ್ಸಿನದ್ದು, ಎಂಜಿನ್ ಮುಟ್ಟಬೇಡಿ. ಗಾಡಿ ಓಡುವಾಗ ಮಾತ್ರ ಬಂದು, ನ್ಯೂಟ್ರಲ್‌ನಲ್ಲಿ ಉರುಳಿದರೂ ಇದ್ದರೆ ಟೈರಿನ ಸಂದು ನೋಡಿ. ಶಹಾಬಾದ್, ಚಿತ್ತಾಪುರದ ಖಣಿ ರಸ್ತೆಗಳಲ್ಲಿ ಓಡಾಡುವ ಗಾಡಿಗಳ ಟೈರಿನಲ್ಲಿ ಫರಸಿ (ಹಾಸುಗಲ್ಲು) ಚೂರು ಸಿಕ್ಕಿಕೊಂಡು ಇಂಥದೇ ಟಿಕ್ ಟಿಕ್ ಬರುವುದುಂಟು.

3. ಎಣಿಸಿ

ಮೊಬೈಲಿನಲ್ಲಿ ಹತ್ತು ಸೆಕೆಂಡು ಸದ್ದು ರೆಕಾರ್ಡ್ ಮಾಡಿ, ವೇಗ ಇಳಿಸಿ ಕೇಳಿ ಎಣಿಸಿ. ಎಂಜಿನ್ ಐಡಲ್‌ನಲ್ಲಿ (ಎಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವಾಗ) ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತದೆ. ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ಅದರ ಅರ್ಧ, ಅಂದರೆ 400. ಒಂದು ವಾಲ್ವಿನ ಸದ್ದಾದರೆ ಹತ್ತು ಸೆಕೆಂಡಿಗೆ 65–70 ಏಟು ಸಿಗುತ್ತವೆ. 130ರ ಹತ್ತಿರ ಬಂದರೆ ಕ್ರ್ಯಾಂಕಿನ ವೇಗದಲ್ಲಿ ತಿರುಗುವ ಪುಲ್ಲಿ, ಫ್ಲೈವೀಲ್‌ನಂಥ ವಸ್ತುಗಳನ್ನು ಅನುಮಾನಿಸಿ. ಎಣಿಸಲಾಗದಷ್ಟು ವೇಗವಿದ್ದರೆ ಆಲ್ಟರ್ನೇಟರ್, ಏಕೆಂದರೆ ಅದು ಕ್ರ್ಯಾಂಕಿಗಿಂತ ಜೋರಾಗಿ ತಿರುಗುತ್ತದೆ. ಕ್ರ್ಯಾಂಕಿಗಿಂತ ನಿಧಾನವಿದ್ದರೆ ಬೆಲ್ಟಿನ ಒಂದು ಜಾಗ ಹರಿದಿರಲೂಬಹುದು.

ಒಂದು ಎಚ್ಚರಿಕೆ: ಒಂದು ಸಿಲಿಂಡರಿನ ಇಂಜೆಕ್ಟರ್ ಏಟೂ ಎಕ್ಸಾಸ್ಟ್ ಸೋರಿಕೆಯೂ ಎರಡು ಸುತ್ತಿಗೊಮ್ಮೆಯೇ ಬರುತ್ತವೆ. ಹಾಗಾಗಿ 65 ಸಿಕ್ಕ ತಕ್ಷಣ ಟ್ಯಾಪೆಟ್ ಎಂದು ತೀರ್ಮಾನಿಸಬೇಡಿ.

4. ಬೆಲ್ಟ್ ತೆಗೆದು ಒಂದು ನಿಮಿಷ

ತಣ್ಣಗಿನ ಎಂಜಿನ್ನಿನ ಫ್ಯಾನ್ ಬೆಲ್ಟ್ ಬಿಚ್ಚಿ, ಒಂದು ನಿಮಿಷ ಮೀರದಂತೆ ಓಡಿಸಿ. ವಾಟರ್ ಪಂಪ್ ನಿಂತಿರುತ್ತದೆ, ಅದಕ್ಕೇ ಈ ಮಿತಿ. ಗಾಡಿಯನ್ನು ಕದಲಿಸಬೇಡಿ, ಬ್ರೇಕಿನ ಶಕ್ತಿಯೂ ಇರುವುದಿಲ್ಲ. ಸದ್ದು ನಿಂತರೆ ಎಂಜಿನ್ ಒಳಗೇನೂ ತೊಂದರೆಯಿಲ್ಲ, ಬೆಲ್ಟ್ ತಿರುಗಿಸುವ ಭಾಗಗಳಲ್ಲೇ ಕಾರಣವಿದೆ.

ಹೆಚ್ಚಿನವರು ತಪ್ಪಿಸಿಕೊಳ್ಳುವ ಜಾಗ ಇಲ್ಲೇ ಇದೆ. ಈ ಪಿಕಪ್‌ಗಳ ಆಲ್ಟರ್ನೇಟರ್ ಬೆನ್ನಿಗೆ ಬ್ರೇಕ್ ಬೂಸ್ಟರಿಗೆ ನಿರ್ವಾತ ಕೊಡುವ ವ್ಯಾಕ್ಯೂಮ್ ಪಂಪ್ ಕೂಡಿಸಿರುತ್ತಾರೆ. ಅದಕ್ಕೆ ಎಂಜಿನ್ನಿನಿಂದ ಸಣ್ಣ ಪೈಪಿನಲ್ಲಿ ಎಣ್ಣೆ ಬರುತ್ತದೆ. ಆ ಪೈಪು ಕಟ್ಟಿಕೊಂಡರೆ ಪಂಪಿನೊಳಗಿನ ರೆಕ್ಕೆಗಳು ಒಣಗಿ ಟಕ್ ಟಕ್ ಹೊಡೆಯುತ್ತವೆ, ಥೇಟ್ ಟ್ಯಾಪೆಟ್ಟಿನಂತೆ. ಬೆಲ್ಟ್ ಮತ್ತೆ ಹಾಕಿದ ಮೇಲೆ ಹೀಗೆ ನೋಡಿ: ಎಂಜಿನ್ ನಿಲ್ಲಿಸಿ, ಬ್ರೇಕ್ ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ ಇದು ಬರೀ ಸದ್ದಿನ ವಿಚಾರವಾಗಿ ಉಳಿಯಲಿಲ್ಲ. ಲೋಡು ಹಾಕಿಕೊಂಡು ರಸ್ತೆಗಿಳಿಯಬೇಡಿ.

5. ಸದ್ದಿನ ಜಾಗ ಹಿಡಿಯಿರಿ

ಸ್ಕ್ರೂಡ್ರೈವರಿನ ತುದಿಯನ್ನು ಲೋಹಕ್ಕೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಹಚ್ಚಿ. ಫ್ಯಾನಿನಿಂದ ದೂರವಿರಿ. ರಾಕರ್ ಕವರ್ ಮೇಲೆ ನಾಲ್ಕು ಕಡೆ, ಪ್ರತಿ ಇಂಜೆಕ್ಟರಿನ ಬುಡ, ಬ್ಲಾಕಿನ ಪಕ್ಕ, ಮುಂದಿನ ಟೈಮಿಂಗ್ ಕವರ್, ಕೊನೆಗೆ ಸಂಪ್. ಹೀಗೆ ಮೇಲಿನಿಂದ ಕೆಳಗೆ ಬನ್ನಿ. ಎಲ್ಲಿ ಹರಿತವಾಗಿ ಕೇಳುತ್ತದೋ ಅದನ್ನು ಸೀಮೆಸುಣ್ಣದಿಂದ ಗುರುತು ಮಾಡಿ. ಸದ್ದು ಲೋಹದಲ್ಲಿ ದೂರ ಹರಿಯುತ್ತದೆ, ಆದ್ದರಿಂದ ಅಕ್ಕಪಕ್ಕ ಹೋಲಿಸದೆ ಒಂದು ಜಾಗದ ಮೇಲೆ ನಂಬಿಕೆ ಇಡಬೇಡಿ. ಗಾಳಿ ಸೋರುವ ಸದ್ದಿಗೆ ಸ್ಕ್ರೂಡ್ರೈವರ್ ಉಪಯೋಗವಿಲ್ಲ. ರಬ್ಬರ್ ಪೈಪಿನ ಒಂದು ತುದಿ ಕಿವಿಗೆ ಹಿಡಿದು ಇನ್ನೊಂದನ್ನು ಜೋಡಣೆಗಳ ಸುತ್ತ ಆಡಿಸಿ.

6. ಎಕ್ಸಾಸ್ಟ್

ಮ್ಯಾನಿಫೋಲ್ಡ್ (ನಾಲ್ಕು ಸಿಲಿಂಡರಿನ ಹೊಗೆ ಒಟ್ಟುಗೂಡುವ ಎರಕದ ಕೊಳವೆ) ಹೆಡ್ಡಿಗೆ ಕೂಡುವಲ್ಲಿ ಕಪ್ಪು ಮಸಿಯ ಗೆರೆ ಹುಡುಕಿ. ಟರ್ಬೊ ಇದ್ದರೆ ಅದರ ಜೋಡಣೆಯಲ್ಲೂ ನೋಡಿ. ಒಂದು ಸ್ಟಡ್ (ಜೋಡಣೆ ಹಿಡಿದಿಡುವ ತಲೆಯಿಲ್ಲದ ಬೋಲ್ಟ್) ಮುರಿದಿದ್ದರೂ ಸಾಕು, ಸಿಲಿಂಡರ್ ಹೊಗೆ ಬಿಡುವಾಗಲೆಲ್ಲ ಆ ಸಂದಿನಿಂದ ‘ಟಿಕ್’ ಎಂದು ಉಗುಳುತ್ತದೆ. ಎಂಜಿನ್ ತಣ್ಣಗಿರುವಾಗಲೇ ಜೋಡಣೆಗೆ ಸೋಪಿನ ನೀರು ಸವರಿ ಸ್ಟಾರ್ಟ್ ಮಾಡಿ, ಸಹಾಯಕರು ಸೈಲೆನ್ಸರ್ ಬಾಯಿಗೆ ಒದ್ದೆ ಬಟ್ಟೆಯ ದಪ್ಪ ಮಡಿಕೆಯನ್ನು ಎರಡು ಮೂರು ಸೆಕೆಂಡು ಹಿಡಿಯಲಿ. ಸೋರುವಲ್ಲಿ ಗುಳ್ಳೆ ಏಳುತ್ತದೆ, ಸದ್ದು ಎದ್ದು ಕೇಳುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಇದನ್ನು ಮಾಡಬೇಡಿ, ಹೊಗೆ ಅಪಾಯ.

ಗ್ಯಾಸ್ಕೆಟ್ (ಜೋಡಣೆಯ ಸಂದು ಮುಚ್ಚುವ ಹಾಳೆ) ಹೊಸದು ಹಾಕುವಾಗ ಮ್ಯಾನಿಫೋಲ್ಡ್ ಸೊಟ್ಟಗಾಗಿದೆಯೇ ಎಂದು ನೇರ ಪಟ್ಟಿ ಇಟ್ಟು ಪರೀಕ್ಷಿಸಿ. ಸೊಟ್ಟಗಿದ್ದರೆ ಲೇತಿನಲ್ಲಿ ಸಮ ಮಾಡಿಸದೆ ಹಾಕಿದ ಗ್ಯಾಸ್ಕೆಟ್ ಒಂದೆರಡು ತಿಂಗಳಲ್ಲಿ ಮತ್ತೆ ಹಾರುತ್ತದೆ. ತುಕ್ಕು ಹಿಡಿದ ಸ್ಟಡ್ಡುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಬಲವಂತ ಮಾಡಿದರೆ ಹೆಡ್ಡಿನೊಳಗೇ ಮುರಿಯುತ್ತವೆ.

7. ಇಂಜೆಕ್ಟರ್

ಡೀಸೆಲ್ ಎಂಜಿನ್ನಿಗೆ ಸಹಜವಾದ ಕಟಕಟ ಇದ್ದೇ ಇರುತ್ತದೆ. ನಾಲ್ಕರಲ್ಲಿ ಒಂದು ಮಾತ್ರ ಬೇರೆಯಾಗಿ ಹೊಡೆಯುತ್ತಿದೆಯೇ ಎಂಬುದೇ ಪ್ರಶ್ನೆ.

ಮೊದಲು ಇಂಜೆಕ್ಟರ್ ಬುಡ ನೋಡಿ. ಟಾರಿನಂಥ ಕಪ್ಪು ಗಟ್ಟಿ ಕಾರ್ಬನ್ ಕಟ್ಟಿದ್ದರೆ ಕೆಳಗಿನ ತಾಮ್ರದ ವಾಷರ್ ಸೋರುತ್ತಿದೆ. ‘ಚಫ್ ಚಫ್’ ಎಂಬ ಗಾಳಿಯ ಸದ್ದು ಬೆರೆತಿರುತ್ತದೆ. ಬುಡಕ್ಕೆ ನಾಲ್ಕು ಹನಿ ಎಂಜಿನ್ ಎಣ್ಣೆ ಬಿಟ್ಟು ಐಡಲ್‌ನಲ್ಲಿ ಓಡಿಸಿದರೆ ಗುಳ್ಳೆ ಕಾಣುತ್ತದೆ. ಪರಿಹಾರ ಅಗ್ಗ: ಹೊಸ ತಾಮ್ರದ ವಾಷರ್. ಹಳೆಯದನ್ನು ಬೆಂಕಿಯಲ್ಲಿ ಕಾಯಿಸಿ ಮತ್ತೆ ಹಾಕುವುದು ಬೇಡ. ಕೆಳಗೆ ಇನ್ನೊಂದು ಹಳೆ ವಾಷರ್ ಅಂಟಿಕೊಂಡು ಉಳಿದಿಲ್ಲವೆಂದು ಟಾರ್ಚ್ ಹಾಕಿ ನೋಡಿ. ಎರಡು ವಾಷರ್ ಕೂತರೆ ನೋಜಲ್ ಮೇಲೆದ್ದು ಡೀಸೆಲ್ ತಪ್ಪು ಜಾಗಕ್ಕೆ ಬೀಳುತ್ತದೆ.

ಮೆಕ್ಯಾನಿಕಲ್ ಪಂಪ್ ಇದ್ದರೆ ಮಾತ್ರ ಮುಂದಿನ ಪರೀಕ್ಷೆ. ಕನ್ನಡಕ ಹಾಕಿ, ಇಂಜೆಕ್ಟರ್ ಕಡೆಯ ನಟ್ಟಿಗೆ ದಪ್ಪ ಬಟ್ಟೆ ಸುತ್ತಿ, ಐಡಲ್‌ನಲ್ಲಿ ಅರ್ಧ ಸುತ್ತು ಸಡಿಲಿಸಿ. ಸಾಮಾನ್ಯವಾಗಿ 17 ಅಥವಾ 19ರ ಪಾನಾ ಬೇಕಾಗುತ್ತದೆ. ಕೈಯನ್ನು ಜೋಡಣೆಯ ಎದುರಿಗೆ ತರಬೇಡಿ, ಡೀಸೆಲ್ ಬಿಸಿ ಎಕ್ಸಾಸ್ಟ್ ಮೇಲೆ ಸಿಡಿಯದಂತೆ ನೋಡಿಕೊಳ್ಳಿ. ಹತ್ತು ಸೆಕೆಂಡು ಕೇಳಿ, ಬಿಗಿ ಮಾಡಿ, ಮುಂದಿನದಕ್ಕೆ ಹೋಗಿ. ಒಂದು ಸಿಲಿಂಡರ್ ನಿಂತಾಗ ಟಕ್ ಟಕ್ ಕರಗಿದರೆ ಅದು ಸುಡುವಿಕೆಗೆ ಸಂಬಂಧಪಟ್ಟದ್ದು: ಆ ಸಿಲಿಂಡರಿನ ಇಂಜೆಕ್ಟರ್, ಎಕ್ಸಾಸ್ಟ್ ಸಂದು, ಪಿಸ್ಟನ್ ಪಿನ್ ಅಥವಾ ಕನೆಕ್ಟಿಂಗ್ ರಾಡ್ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಕೂಡಿಸುವ ದಂಡ) ಬೇರಿಂಗ್. ನಾಲ್ಕರಲ್ಲಿ ಯಾವುದನ್ನು ನಿಲ್ಲಿಸಿದರೂ ಸದ್ದು ಹಾಗೇ ಇದ್ದರೆ ಈಗ ಟ್ಯಾಪೆಟ್ ಮೇಲೆ ಅನುಮಾನ ಪಡಲು ಸರಿಯಾದ ಕಾರಣ ಸಿಕ್ಕಿತು.

ಕಾಮನ್ ರೈಲಿನಲ್ಲಿ ಇದೇ ಪರೀಕ್ಷೆಯನ್ನು ಸ್ಕ್ಯಾನರ್ ಹಚ್ಚಿ ಒಂದೊಂದೇ ಇಂಜೆಕ್ಟರ್ ಬಂದ್ ಮಾಡಿ ನೋಡುತ್ತಾರೆ. ಅದಕ್ಕೆ ಗ್ಯಾರೇಜಿಗೇ ಹೋಗಿ. ಅನುಮಾನದ ಇಂಜೆಕ್ಟರನ್ನು ಪಂಪ್-ನೋಜಲ್ ಅಂಗಡಿಯಲ್ಲಿ ಪರೀಕ್ಷೆಗೆ ಹಾಕಿಸಿ, ಡೀಸೆಲ್ ಮಂಜಿನಂತೆ ಬರುತ್ತಿದೆಯೋ ಧಾರೆಯಾಗಿ ಸುರಿಯುತ್ತಿದೆಯೋ ನೀವೇ ನಿಂತು ನೋಡಿ.

8. ಟ್ಯಾಪೆಟ್

ರಾಕರ್ ಮತ್ತು ವಾಲ್ವ್ ತುದಿಯ ನಡುವೆ ಬೇಕೆಂದೇ ಬಿಟ್ಟಿರುವ ಸಂದಿಗೆ ಟ್ಯಾಪೆಟ್ ಕ್ಲಿಯರೆನ್ಸ್ ಎನ್ನುತ್ತಾರೆ. ಬಿಸಿಯಾದಾಗ ವಾಲ್ವ್ ಉದ್ದವಾಗುತ್ತದೆ, ಅದಕ್ಕೆ ಜಾಗ ಬೇಕು. ಸಾಮಾನ್ಯವಾಗಿ 0.20ರಿಂದ 0.40 ಮಿಲಿಮೀಟರಿನ ನಡುವೆ ಇರುತ್ತದೆ. ಇನ್‌ಲೆಟ್ಟಿಗೆ ಎಷ್ಟು, ಎಕ್ಸಾಸ್ಟಿಗೆ ಎಷ್ಟು, ತಣ್ಣಗೋ ಬಿಸಿಗೋ ಎಂಬುದನ್ನು ನಿಮ್ಮ ಎಂಜಿನ್ನಿನ ಪುಸ್ತಕದಲ್ಲೇ ನೋಡಿ, ಬೇರೆ ಗಾಡಿಯ ಲೆಕ್ಕ ಹಾಕಬೇಡಿ. ಹೈಡ್ರಾಲಿಕ್ ಲಿಫ್ಟರ್ (ಎಣ್ಣೆಯ ಒತ್ತಡದಿಂದ ಸಂದನ್ನು ತಾನೇ ತುಂಬುವ ಭಾಗ) ಇರುವ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಹೊಂದಿಸುವ ಸ್ಕ್ರೂವೇ ಇರುವುದಿಲ್ಲ, ಅಲ್ಲಿ ಎಣ್ಣೆ ಮತ್ತು ಲಿಫ್ಟರ್ ಮಾತ್ರ ನೋಡಬೇಕು.

“ತಣ್ಣಗೆ” ಎಂದರೆ ರಾತ್ರಿ ಪೂರ್ತಿ ನಿಂತದ್ದು. ಮೇ ತಿಂಗಳ ಮಧ್ಯಾಹ್ನ ಬಿಸಿಲಲ್ಲಿ ನಿಂತ ಗಾಡಿಯ ಎಂಜಿನ್ ಓಡದಿದ್ದರೂ ತಣ್ಣಗಿರುವುದಿಲ್ಲ. ನಸುಕಿನಲ್ಲಿ ಅಳೆಯಿರಿ. ಕವರ್ ಬಿಚ್ಚುವ ಮೊದಲು ಅದರ ಸುತ್ತಲಿನ ಎರೆಮಣ್ಣಿನ ಧೂಳು, ಸಿಮೆಂಟ್ ಪುಡಿ ಎಲ್ಲ ಬ್ರಷ್ ಹಾಕಿ ತೊಳೆಯಿರಿ. ಗಾಳಿ ಬೀಸುವ ಬಯಲಲ್ಲಿ ಬಿಚ್ಚಬೇಡಿ. ಬ್ಯಾಟರಿಯ ನೆಗೆಟಿವ್ ತಂತಿ ತೆಗೆದಿಡಿ.

ಈ ಎಂಜಿನ್‌ಗಳ ಫೈರಿಂಗ್ ಸರದಿ (ಸಿಲಿಂಡರುಗಳಲ್ಲಿ ಡೀಸೆಲ್ ಉರಿಯುವ ಕ್ರಮ) 1-3-4-2. ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ, ಎಂಜಿನ್ ಓಡುವ ದಿಕ್ಕಿಗೇ ನಿಧಾನ ತಿರುಗಿಸಿ. 4ನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಮುಚ್ಚುತ್ತ ಇನ್‌ಲೆಟ್ ತೆರೆಯುತ್ತ ಎರಡೂ ತೂಗುವಾಗ ನಿಲ್ಲಿಸಿ, ಆಗ 1ನೇ ಸಿಲಿಂಡರಿನ ಎರಡೂ ವಾಲ್ವ್ ಅಳೆಯಿರಿ. ಅರ್ಧ ಸುತ್ತು ತಿರುಗಿಸಿದರೆ 2 ತೂಗುತ್ತದೆ, 3 ಅಳೆಯಿರಿ. ಮತ್ತೆ ಅರ್ಧ ಸುತ್ತಿಗೆ 1 ತೂಗುತ್ತದೆ, 4 ಅಳೆಯಿರಿ. ಕೊನೆಯ ಅರ್ಧ ಸುತ್ತಿಗೆ 3 ತೂಗುತ್ತದೆ, 2 ಅಳೆಯಿರಿ. ತೂಗುವ ಮತ್ತು ಅಳೆಯುವ ಸಿಲಿಂಡರ್ ಕೂಡಿಸಿದರೆ ಯಾವಾಗಲೂ 5 ಬರಬೇಕು, ಇದೊಂದು ನೆನಪಿಟ್ಟರೆ ತಪ್ಪಾಗುವುದಿಲ್ಲ.

ಮೊದಲು ಏನನ್ನೂ ತಿರುಗಿಸದೆ ಎಂಟೂ ಅಳತೆ ಕಾಗದದ ಮೇಲೆ ಬರೆಯಿರಿ. ರೋಗ ತಿಳಿಯುವುದು ಈ ಕಾಗದದಿಂದಲೇ. ಎಲ್ಲವೂ ಸ್ವಲ್ಪ ಸ್ವಲ್ಪ ಹೆಚ್ಚಿದ್ದರೆ ಸಹಜ ಸವೆತ, ಹೊಂದಿಸಿದರಾಯಿತು. ಏಳು ಸರಿಯಿದ್ದು ಒಂದೇ ಒಂದು ದುಪ್ಪಟ್ಟು ಬಾಯಿ ಬಿಟ್ಟಿದ್ದರೆ ಅಲ್ಲಿ ಏನೋ ಸವೆದಿದೆ ಅಥವಾ ಬಾಗಿದೆ. ಪುಶ್‌ರಾಡ್ (ಕ್ಯಾಮಿನ ಚಲನೆಯನ್ನು ರಾಕರಿಗೆ ಮುಟ್ಟಿಸುವ ಕಡ್ಡಿ) ಇರುವ ಎಂಜಿನ್ನಾದರೆ ಆ ಕಡ್ಡಿಯನ್ನು ತೆಗೆದು ದಪ್ಪ ಗಾಜು ಅಥವಾ ನಯಸು ಮಾಡಿದ ಫರಸಿಯ ಮೇಲೆ ಉರುಳಿಸಿ, ಬಾಗಿದ್ದರೆ ಕುಪ್ಪಳಿಸುತ್ತದೆ. ಹೊಂದಿಸಿದ ಮೇಲೂ 500 ಕಿಲೋಮೀಟರಿನೊಳಗೆ ಅದೇ ಸಂದು ಮತ್ತೆ ಹಿಗ್ಗಿದರೆ ಕ್ಯಾಮ್ ಉಬ್ಬು ಸವೆಯುತ್ತಿದೆ, ಸ್ಕ್ರೂ ತಿರುಗಿಸಿ ಪ್ರಯೋಜನವಿಲ್ಲ.

ಹೊಂದಿಸುವಾಗ ಎಲೆ ತುಸು ಹಿಡಿದು ಹಿಡಿದು ಜಾರಬೇಕು, ಅದಕ್ಕಿಂತ 0.05 ಮಿಲಿಮೀಟರ್ ಹೆಚ್ಚು ದಪ್ಪದ ಎಲೆ ಹೋಗಬಾರದು. ಲಾಕ್‌ನಟ್ ಬಿಗಿಯುವಾಗ ಸ್ಕ್ರೂ ತುಸು ತಿರುಗಿಯೇ ತಿರುಗುತ್ತದೆ, ಬಿಗಿದ ಮೇಲೆ ಇನ್ನೊಮ್ಮೆ ಅಳೆಯಲೇಬೇಕು. ಅಳತೆ ಸರಿಯಿದ್ದೂ ಸದ್ದು ಬರುತ್ತಿದ್ದರೆ ರಾಕರಿನ ಮುಖ ನೋಡಿ. ವಾಲ್ವ್ ಬಡಿದು ಬಡಿದು ಅಲ್ಲಿ ಗುಳಿ ಬಿದ್ದಿರುತ್ತದೆ. ಚಪ್ಪಟೆ ಎಲೆ ಗುಳಿಯ ಅಂಚುಗಳ ಮೇಲೆ ಕೂತು ಸುಳ್ಳು ಅಳತೆ ಕೊಡುತ್ತದೆ. ರಾಕರ್ ಬದಲಾಯಿಸಬೇಕು.

ಇಲ್ಲಿ ನಮ್ಮ ಮಾಲೀಕರಿಗೆ ಒತ್ತಿ ಹೇಳಬೇಕಾದ ಮಾತೊಂದಿದೆ. “ಸದ್ದು ಪೂರ್ತಿ ಹೋಗಬೇಕು” ಎಂದು ಮಿಸ್ತ್ರಿಗೆ ಗಂಟು ಬೀಳಬೇಡಿ. ಸಂದು ತೀರಾ ಕಡಿಮೆಯಾದರೆ ಎಂಜಿನ್ ನಿಶ್ಶಬ್ದವಾಗಿ ಕೆಡುತ್ತದೆ. ವಾಲ್ವ್ ತನ್ನ ಪೀಠದ ಮೇಲೆ ಪೂರ್ತಿ ಕೂತಾಗ ಮಾತ್ರ ಅದರ ಬಿಸಿ ಹೆಡ್ಡಿಗೆ ಹರಿದು ಹೋಗುತ್ತದೆ. ಕೂರಲು ಬಿಡದಿದ್ದರೆ ಸುಡುವ ಅನಿಲ ಅಂಚಿನಿಂದ ನುಗ್ಗಿ ಎಕ್ಸಾಸ್ಟ್ ವಾಲ್ವನ್ನು ಕೊರೆಯುತ್ತದೆ. ಸಣ್ಣ ಒಂದೇ ಸಮನಾದ ಟಿಕ್ ಟಿಕ್ ಈ ಎಂಜಿನ್‌ಗಳ ಆರೋಗ್ಯದ ಸದ್ದು.

9. ಓಡಿಸುವುದನ್ನು ನಿಲ್ಲಿಸಬೇಕಾದ ಸದ್ದು

ಹಗುರ ಟಕ್ ಟಕ್ ಬಿಟ್ಟು, ಕೆಳಗಿನಿಂದ ‘ಠಣ್ ಠಣ್’ ಎಂದು ಭಾರವಾಗಿ ಬಂದು, ತುಂಬಿದ ಗಾಡಿ ಏರು ಹತ್ತುವಾಗ ಜೋರಾಗಿ, ಸಂಪಿನ ಬಳಿ ಹೆಚ್ಚು ಕೇಳಿದರೆ ಅದು ರಾಡ್ ಬೇರಿಂಗ್. ಆಯಿಲ್ ದೀಪ ಮಿನುಗುತ್ತಿದ್ದರೂ ಸರಿ, ಎಂಜಿನ್ ಅಲ್ಲೇ ಬಂದ್ ಮಾಡಿ. “ಮೆಲ್ಲಗೆ ಊರು ಮುಟ್ಟಿಸೋಣ” ಎನ್ನುವ ಹತ್ತು ಕಿಲೋಮೀಟರಿನಲ್ಲೇ ರಾಡ್ ಬ್ಲಾಕ್ ಒಡೆದುಕೊಂಡು ಹೊರಬರಬಹುದು. ಎಳೆಸಿಕೊಂಡು ಹೋಗುವ ಬಾಡಿಗೆ ಅದರ ಮುಂದೆ ಏನೂ ಅಲ್ಲ.

ಖಚಿತ ಮಾಡಿಕೊಳ್ಳಲು ಆಯಿಲ್ ಒತ್ತಡದ ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಒತ್ತಡ ತೋರಿಸುವ ಮುಳ್ಳಿನ ಗೇಜ್ ಹಾಕಿಸಿ. ಪುಸ್ತಕದ ಅಂಕಿ ಸಿಗದಿದ್ದರೆ ಮಿಸ್ತ್ರಿಗಳ ರೂಢಿಯ ಲೆಕ್ಕ ಹೀಗಿದೆ: ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡಲ್‌ನಲ್ಲಿ 1 ಬಾರ್ ಹತ್ತಿರ, 2000 ಸುತ್ತಿನಲ್ಲಿ ಸುಮಾರು ಒಂದೂವರೆ ಬಾರ್ ಅಥವಾ ಹೆಚ್ಚು. ಅದಕ್ಕಿಂತ ಬಹಳ ಕೆಳಗಿದ್ದರೆ ಟ್ಯಾಪೆಟ್, ಇಂಜೆಕ್ಟರ್ ಮಾತು ಬಿಟ್ಟು ಸಂಪ್ ಇಳಿಸಿ ಬೇರಿಂಗ್ ನೋಡಿಸಿ.

10. ಮಿಸ್ತ್ರಿಯ ಹತ್ತಿರ ಹೋಗುವಾಗ

“ಸದ್ದು ಬರ್ಲತ್ತದ” ಎಂದಷ್ಟೇ ಹೇಳಿ ಬೀಗದ ಕೈ ಕೊಡಬೇಡಿ. ಎಣ್ಣೆ ಮಟ್ಟ, ತಣ್ಣಗೋ ಬಿಸಿಗೋ, ಹತ್ತು ಸೆಕೆಂಡಿಗೆ ಎಷ್ಟು ಏಟು, ಬೆಲ್ಟ್ ತೆಗೆದಾಗ ಏನಾಯಿತು, ಯಾವ ಸಿಲಿಂಡರ್ ನಿಲ್ಲಿಸಿದಾಗ ಸದ್ದು ಬದಲಾಯಿತು, ಟ್ಯಾಪೆಟ್ಟಿನ ಎಂಟು ಅಳತೆ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು, ಮುಂಜಾನೆಯ ರೆಕಾರ್ಡಿಂಗ್ ಜೊತೆಗೆ ಕೊಡಿ. ಬಿಸಿ ಎಂಜಿನ್ನಿನಲ್ಲಿ ಕಾಣೆಯಾಗುವ ಸದ್ದಾದರೆ ಗಾಡಿಯನ್ನು ಹಿಂದಿನ ಸಂಜೆಯೇ ಗ್ಯಾರೇಜಿನಲ್ಲಿ ಬಿಟ್ಟು ಬನ್ನಿ, ಅವರು ಮರುದಿನ ಮೊದಲ ಸ್ಟಾರ್ಟ್ ಕೇಳಲಿ. ತೆಗೆದ ವಾಷರ್, ಗ್ಯಾಸ್ಕೆಟ್, ರಾಕರ್ ಎಲ್ಲವನ್ನೂ ಕೇಳಿ ಇಸಿದುಕೊಂಡು, ಎಲ್ಲಿ ಸವೆದಿದೆ ಎಂದು ಅವರ ಎದುರಿಗೇ ತೋರಿಸಿಕೊಳ್ಳಿ.